ಮಗುವಿಗೆ ಗೊತ್ತಿರುತ್ತದೆ

ಆಸ್ಪತ್ರೆ ಕೋಣೆಯ ಒಂದು ಪುಟ್ಟ ಮಾದರಿ. ಒಳಗೊಂದು ಮಂಚ, ಮಂಚದ ಮೇಲೆ ಮಗುವಿನ ಬೊಂಬೆ. ಹೊರಗೆ ಇನ್ನೂ ನಾಲ್ಕು ಬೊಂಬೆಗಳು: ಅಮ್ಮ, ಅಪ್ಪ, ಡಾಕ್ಟರು, ನರ್ಸು. ‘ಇವರು ಯಾವಾಗಲೂ ಎಲ್ಲಿರುತ್ತಾರೋ ಅಲ್ಲಿ ಇಡು’ ಎಂದು ಹೇಳಿ ಬೊಂಬೆಗಳನ್ನು ಮಕ್ಕಳ ಕೈಗೆ ಕೊಟ್ಟರು. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಸ್ಪಿನೆಟ್ಟಾ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಇದು. ಮಕ್ಕಳ ವಯಸ್ಸು ಆರರಿಂದ ಹತ್ತು. ಕೆಲವರಿಗೆ ರಕ್ತದ ಕ್ಯಾನ್ಸರ್, ಇನ್ನು ಕೆಲವರಿಗೆ ಜೀವಕ್ಕೆ ಅಪಾಯವಿಲ್ಲದ ದೀರ್ಘಕಾಲದ ಕಾಯಿಲೆ. ಕ್ಯಾನ್ಸರ್ ಇದ್ದ ಮಕ್ಕಳು ಬೊಂಬೆಗಳನ್ನು ಮಂಚದಿಂದ ಹೆಚ್ಚು ದೂರ ಇಟ್ಟರು. ಮತ್ತೆ ಮತ್ತೆ ಆಸ್ಪತ್ರೆ ಸೇರಿದವರಲ್ಲಿ ಆ ದೂರ ಇನ್ನೂ ಹೆಚ್ಚಿತು.

ಆ ಕಾಲದಲ್ಲಿ ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಕಾಯಿಲೆ ಎಂಥದೆಂದು ಹೇಳುತ್ತಿರಲಿಲ್ಲ. ‘ಇನ್ನೂ ಚಿಕ್ಕದು, ಅದಕ್ಕೇನು ತಿಳಿಯುತ್ತೆ’ ಎನ್ನುವುದು ದೊಡ್ಡವರ ಗಟ್ಟಿ ನಂಬಿಕೆಯಾಗಿತ್ತು. ಮಗುವೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಆದರೆ ಸುತ್ತಲಿನವರು ತನ್ನಿಂದ ದೂರ ಸರಿಯುತ್ತಿದ್ದಾರೆ ಎಂಬುದನ್ನು ಅದು ಕೈಯಿಂದಲೇ ಹೇಳಿತ್ತು.

ಗಂಭೀರ ಕಾಯಿಲೆಯ ಮಕ್ಕಳ ಮನಸ್ಸನ್ನು ಕುರಿತ ಸಂಶೋಧನೆಗೆ ಈಗ ಮುಕ್ಕಾಲು ಶತಮಾನದ ಚರಿತ್ರೆಯಿದೆ. ಕ್ಯಾನ್ಸರ್, ಹೃದಯದ ತೊಂದರೆ, ಥಲಸ್ಸೀಮಿಯಾ, ಮಕ್ಕಳ ಸಕ್ಕರೆ ಕಾಯಿಲೆ, ಮೂರ್ಛೆರೋಗ ಎಲ್ಲವೂ ಅದರೊಳಗೆ ಬರುತ್ತವೆ. ಹೆಚ್ಚು ಕೆಲಸ ನಡೆದಿರುವುದು ಕ್ಯಾನ್ಸರ್ ವಾರ್ಡುಗಳಲ್ಲಿ, ಅದರಲ್ಲೂ ಅಮೆರಿಕ ಮತ್ತು ಯುರೋಪಿನಲ್ಲಿ. ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಗುವಿನ ಪರವಾಗಿ ದೊಡ್ಡವರೇ ತೀರ್ಮಾನ ಮಾಡಿದಾಗಲೆಲ್ಲ ವಿಜ್ಞಾನ ಎಡವಿದೆ. ಮಗುವನ್ನೇ ಕೇಳಿದಾಗ ಮುಂದೆ ಹೋಗಿದೆ.

ಮೊದಲು ಕಣ್ಣು ತೆರೆಸಿದ್ದು ಒಂದು ಸಿನಿಮಾ. 1950ರ ಆಸುಪಾಸಿನವರೆಗೂ ಬ್ರಿಟನ್ನಿನ ಆಸ್ಪತ್ರೆಗಳು ಮಕ್ಕಳ ವಾರ್ಡಿಗೆ ತಂದೆತಾಯಿ ಬರುವುದನ್ನೇ ಉಪದ್ರವ ಎಂದು ತಿಳಿದಿದ್ದವು. ಬಂದರೆ ಸೋಂಕು ತರುತ್ತಾರೆ, ಹೊರಟರೆ ಮಗು ಅಳುತ್ತದೆ ಎಂಬುದು ಕಾರಣ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಒಂದು ತಿಂಗಳು ಭೇಟಿಯೇ ಇಲ್ಲ. ಸಂಜೆ ಏಳರಿಂದ ಎಂಟರವರೆಗೆ, ಮಗು ನಿದ್ದೆಯಲ್ಲಿರುವಾಗ, ನೋಡಿಕೊಂಡು ಹೋಗಬಹುದಿತ್ತು ಅಷ್ಟೆ. ಮನೋವೈದ್ಯ ಜಾನ್ ಬೌಲ್ಬಿಯವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್, ಚಿಕ್ಕದೊಂದು ಆಪರೇಷನ್ನಿಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಹೆಣ್ಣುಮಗುವನ್ನು ಕ್ಯಾಮೆರಾ ಕೈಯಲ್ಲೇ ಹಿಡಿದು ಚಿತ್ರಿಸಿದರು. 1952ರಲ್ಲಿ ಬಂದ ‘ಎ ಟೂ-ಇಯರ್-ಓಲ್ಡ್ ಗೋಸ್ ಟು ಹಾಸ್ಪಿಟಲ್’ ಎಂಬ ಆ ಚಿತ್ರದಲ್ಲಿ ಮಗು ರಂಪ ಮಾಡುವುದಿಲ್ಲ. ಬಂದ ಅಳುವನ್ನು ನುಂಗಿಕೊಳ್ಳುತ್ತದೆ. ಅಮ್ಮ ನೋಡಲು ಬಂದಾಗ ಮುಖ ಆಚೆ ತಿರುಗಿಸುತ್ತದೆ. ವಾರ್ಡಿನವರು ಇಂಥ ಮಕ್ಕಳನ್ನು ‘ಹೊಂದಿಕೊಂಡಿವೆ’ ಎನ್ನುತ್ತಿದ್ದರು. ರಾಬರ್ಟ್‌ಸನ್ ಅದನ್ನು ಹತಾಶೆ ಎಂದರು. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಅಂಟು ಕಳಚಿಕೊಳ್ಳುವಿಕೆ, ಹೀಗೆ ಮೂರು ಹಂತ ಗುರುತಿಸಿದರು. ಲಂಡನ್ನಿನ ವೈದ್ಯ ಸಭೆಯಲ್ಲಿ ಚಿತ್ರ ತೋರಿಸಿದಾಗ ಬೈಗುಳ ತಿಂದರು. ಏಳು ವರ್ಷಗಳಾದ ಮೇಲೆ, 1959ರಲ್ಲಿ, ಅಲ್ಲಿನ ಸರ್ಕಾರ ನೇಮಿಸಿದ ಪ್ಲಾಟ್ ಸಮಿತಿ ತಂದೆತಾಯಿಗೆ ಬಾಗಿಲು ತೆರೆಯಿರಿ ಎಂದು ವರದಿ ಕೊಟ್ಟಿತು.

ನಮ್ಮ ಜನರಲ್ ವಾರ್ಡುಗಳಿಗೆ ಈ ಹೋರಾಟ ಬೇಕಾಗಲಿಲ್ಲ. ಇಲ್ಲಿ ಅಮ್ಮನೋ ಅಜ್ಜಿಯೋ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಔಷಧ ತರುವುದು, ಬೆಡ್‌ಪ್ಯಾನ್ ಕೊಡುವುದು, ಡ್ರಿಪ್ ಮುಗಿಯಿತೆಂದು ಸಿಸ್ಟರನ್ನು ಕರೆಯುವುದು ಎಲ್ಲ ಅವರದೇ ಕೆಲಸ. ಸಿಬ್ಬಂದಿ ಸಾಲದೆ ಬಂದ ಪದ್ಧತಿ ಇರಬಹುದು, ಆದರೂ ಬ್ರಿಟನ್ನಿನ ಮಕ್ಕಳು ದಶಕಗಳ ಕಾಲ ಕಳೆದುಕೊಂಡದ್ದನ್ನು ಅದು ನಮ್ಮ ಮಕ್ಕಳಿಗೆ ಉಳಿಸಿಕೊಟ್ಟಿದೆ. ಐಸಿಯುಗಳ ಮಾತು ಬೇರೆ. ಅಲ್ಲಿ ಬಾಗಿಲು ಇವತ್ತಿಗೂ ಮುಚ್ಚಿಯೇ ಇರುವುದು ಹೆಚ್ಚು.

ಜೊತೆಗೆ ಯಾರಿರಬೇಕು ಎಂಬ ಪ್ರಶ್ನೆ ಒಂದು ಹಂತಕ್ಕೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು: ಮಗುವಿಗೆ ಏನು ಹೇಳಬೇಕು? 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಇದ್ದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು ಕಾಯಿಲೆಯನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದ್ದರು. ಅದಕ್ಕೆ ಮುನ್ನ ವಾರಗಳಲ್ಲಿ ಮುಗಿಯುತ್ತಿದ್ದ ಬದುಕು ತಿಂಗಳುಗಳಿಗೆ, ಕೆಲವರಲ್ಲಿ ವರ್ಷಗಳಿಗೆ ಬೆಳೆಯಿತು. ಆ ತಿಂಗಳುಗಳನ್ನು ಮಗು ಯಾವ ತಿಳಿವಳಿಕೆಯಲ್ಲಿ ಕಳೆಯಬೇಕು? ಆಗಿನ ವೈದ್ಯರಲ್ಲಿ ಬಹುಪಾಲು ಜನ ಮೌನದ ಪರ. ‘ಹೇಳದಿದ್ದರೆ ಮಗು ಸುಖವಾಗಿರುತ್ತದೆ’ ಎಂಬ ಮಾತನ್ನು ಯಾರೂ ಪರೀಕ್ಷಿಸಿರಲಿಲ್ಲ.

ಕೊನೆಗೆ ಪರೀಕ್ಷಿಸಿದವರಲ್ಲಿ ಒಬ್ಬರು ಯುಜೀನಿಯಾ ವೆಕ್ಟರ್ ಎಂಬ ನರ್ಸ್. ಅವರು 6ರಿಂದ 10 ವರ್ಷದ 64 ಮಕ್ಕಳಿಗೆ ಚಿತ್ರಗಳನ್ನು ತೋರಿಸಿ ಕಥೆ ಕಟ್ಟಿ ಹೇಳುವಂತೆ ಕೇಳಿದರು. 1971ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾರಕ ಕಾಯಿಲೆಯ ಮಕ್ಕಳ ಕಥೆಗಳಲ್ಲಿ ಸಾವು, ಒಂಟಿತನ, ಭಯ ತುಂಬಿದ್ದವು. ಅವರ ಆತಂಕದ ಅಂಕ ಆಸ್ಪತ್ರೆಯಲ್ಲಿದ್ದ ಬೇರೆ ಮಕ್ಕಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅವರ ತಂದೆತಾಯಿಯನ್ನು ಕೇಳಿದರೆ, ಮಗುವಿಗೆ ಏನೂ ಗೊತ್ತಿಲ್ಲ ಎಂದೇ ಹೆಚ್ಚಿನವರ ಉತ್ತರ. ಅದಕ್ಕೂ ಮೊದಲೇ, 1965ರಲ್ಲಿ, ಜೋಯೆಲ್ ವರ್ನಿಕ್ ಮತ್ತು ಮೈರನ್ ಕ್ಯಾರನ್ ತಮ್ಮ ರಕ್ತ ಕ್ಯಾನ್ಸರ್ ವಾರ್ಡಿನಲ್ಲಿ ಒಂಬತ್ತು ದಾಟಿದ ಪ್ರತಿಯೊಂದು ಮಗುವಿಗೂ ಕಾಯಿಲೆಯ ಹೆಸರು ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಪದ್ಧತಿ ತಂದಿದ್ದರು. ಹೇಳಿದ್ದರಿಂದ ಮಕ್ಕಳು ಕುಸಿದು ಬೀಳಲಿಲ್ಲ. ಸಾವಿಗೆ ಹೆದರುತ್ತಿರುವವರು ನಿಜಕ್ಕೂ ಯಾರು ಎಂದು ಅವರು ತಮ್ಮ ಲೇಖನದ ಹೆಸರಿನಲ್ಲೇ ಕೇಳಿದ್ದರು.

ಈ ಎಲ್ಲ ಕೆಲಸಗಳಿಗೂ ಕಳಶವಿಟ್ಟಂಥ ಪುಸ್ತಕ ಬಂದದ್ದು 1978ರಲ್ಲಿ. ಬರೆದವರು ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್. ಪುಸ್ತಕ ‘ದಿ ಪ್ರೈವೇಟ್ ವರ್ಲ್ಡ್ಸ್ ಆಫ್ ಡೈಯಿಂಗ್ ಚಿಲ್ಡ್ರನ್’. ದೂರದ ಹಳ್ಳಿಗೆ ಹೋಗಿ ಅಲ್ಲಿನ ಜನರ ನಡುವೆ ಕೂತು ಕಲಿಯುವುದು ಮಾನವಶಾಸ್ತ್ರದವರ ಅಭ್ಯಾಸ. ಇವರು ರಕ್ತ ಕ್ಯಾನ್ಸರಿನ ಮಕ್ಕಳ ವಾರ್ಡಿನಲ್ಲಿ ಹಾಗೆ ಕೂತರು. ಪ್ರಶ್ನಾವಳಿ ಹಂಚಲಿಲ್ಲ. ಆಟವಾಡುವಾಗ ಇದ್ದರು, ಬಾತ್‌ರೂಮಿಗೆ ಜೊತೆಗೆ ನಡೆದರು, ರಾತ್ರಿ ನಿದ್ದೆ ಬಾರದಿದ್ದಾಗ ಮಾತು ಕೇಳಿಸಿಕೊಂಡರು.

ಅವರು ಕಂಡದ್ದು ಇದು. ಮಗುವಿನ ತಿಳಿವಳಿಕೆ ಐದು ಮೆಟ್ಟಿಲು ಹತ್ತುತ್ತದೆ. ನನಗೆ ದೊಡ್ಡ ಕಾಯಿಲೆ ಬಂದಿದೆ. ದೊಡ್ಡ ಕಾಯಿಲೆ, ಆದರೆ ವಾಸಿಯಾಗುತ್ತದೆ. ಇದು ಬಿಡದ ಕಾಯಿಲೆ, ಆದರೂ ವಾಸಿಯಾಗುತ್ತದೆ. ಬಿಡದ ಕಾಯಿಲೆ, ವಾಸಿಯಾಗುವುದಿಲ್ಲ. ನಾನು ಸಾಯುತ್ತೇನೆ. ಮೇಲೆ ಹತ್ತಿಸುವುದು ವಯಸ್ಸಲ್ಲ, ಅನುಭವ. ಎಷ್ಟು ಸಲ ಕಾಯಿಲೆ ಮರುಕಳಿಸಿತು, ಯಾವ ಔಷಧ ನಿಲ್ಲಿಸಿದರು, ಪಕ್ಕದ ಮಂಚದ ಗೆಳೆಯನಿಗೂ ಇದೇ ಔಷಧ ಕೊಟ್ಟಿದ್ದರಲ್ಲವೆ? ಕೊನೆಯ ಮೆಟ್ಟಿಲಿಗೆ ಮಗು ಏರುವುದು ಅದೇ ಕಾಯಿಲೆಯ ಇನ್ನೊಂದು ಮಗು ತೀರಿಕೊಂಡಿತು ಎಂದು ತಿಳಿದ ಮೇಲೆ. ಇಷ್ಟು ಅನುಭವ ಆಗಿದ್ದರೆ ಮೂರು–ನಾಲ್ಕು ವರ್ಷದ ಮಗುವಿಗೂ ಗೊತ್ತು. ಆಗಿಲ್ಲದಿದ್ದರೆ ಒಂಬತ್ತು ವರ್ಷದವರಿಗೂ ಗೊತ್ತಿಲ್ಲ.

ಗೊತ್ತಿದ್ದೂ ಮಕ್ಕಳು ಸುಮ್ಮನಿದ್ದರು. ಅಮ್ಮ ಮಾತು ಬದಲಿಸುತ್ತಾಳೆ, ಅಪ್ಪ ಕಾರಿಡಾರಿಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಾರೆ, ಡಾಕ್ಟರು ನಗುತ್ತಾ ಬಂದು ನಿಲ್ಲದೆ ಹೋಗುತ್ತಾರೆ. ಇಷ್ಟು ಸಾಕು, ಈ ವಿಷಯ ಎತ್ತಬಾರದು ಎಂದು ಮಗು ಕಲಿಯುತ್ತದೆ. ಎತ್ತಿದರೆ ಇವರು ನನ್ನನ್ನು ಬಿಟ್ಟು ಹೋಗುತ್ತಾರೆ ಎಂಬ ಭಯ ಅದಕ್ಕೆ. ಹೀಗೆ ಎರಡೂ ಕಡೆಯವರು ಗೊತ್ತಿಲ್ಲದವರಂತೆ ನಟಿಸುತ್ತಾ ದಿನ ದೂಡುತ್ತಾರೆ. ಆದರೆ ಸುಳಿವು ಸೋರುತ್ತಲೇ ಇರುತ್ತದೆ. ತೀರಿಕೊಂಡ ಮಕ್ಕಳ ಆಟಿಕೆಗಳನ್ನು ಅವು ಮುಟ್ಟುತ್ತಿರಲಿಲ್ಲ. ಮುಂದಿನ ವರ್ಷದ ಮಾತು ಬಂದರೆ ಮೌನ. ಆ ವಾರ್ಡಿನ ಮಕ್ಕಳು ಅತಿ ಹೆಚ್ಚು ಓದಿಸಿಕೊಳ್ಳುತ್ತಿದ್ದ ಕಥೆ ‘ಷಾರ್ಲೆಟ್ಸ್ ವೆಬ್’, ಅದರಲ್ಲೂ ಜೇಡ ಷಾರ್ಲೆಟ್ ಸಾಯುವ ಅಧ್ಯಾಯ. ಪುಸ್ತಕದ ಬೇರೆಲ್ಲ ವಾದಗಳನ್ನು ಮರೆತರೂ ಈ ಒಂದು ವಿವರವನ್ನು ಮರೆಯುವುದು ಸಾಧ್ಯವಿಲ್ಲ. ಯಾರೂ ಮಾತಾಡಲೊಲ್ಲದ ವಿಷಯವನ್ನು ಆ ಮಕ್ಕಳು ಕಥೆಯೊಳಗೆ ಕೇಳಿಸಿಕೊಳ್ಳುತ್ತಿದ್ದವು.

ಮುಂದಿನ ದಶಕಗಳು ಈ ಮಾತಿಗೆ ಅಂಕಿಅಂಶದ ಬಲ ಕೊಟ್ಟವು. ಬಾಲ್ಯದಲ್ಲಿ ಕ್ಯಾನ್ಸರ್ ಬಂದು ಬದುಕುಳಿದವರನ್ನು ಅಧ್ಯಯನ ಮಾಡಿದ ಬಾಸ್ಟನ್ನಿನ ತಂಡ, ಕಾಯಿಲೆಯ ಹೆಸರನ್ನು ಬೇಗ ತಿಳಿದವರು ತಡವಾಗಿ ತಿಳಿದವರಿಗಿಂತ ಮುಂದೆ ಮಾನಸಿಕವಾಗಿ ಚೆನ್ನಾಗಿದ್ದರು ಎಂದು 1982ರಲ್ಲಿ ವರದಿ ಮಾಡಿತು. ಎಲ್ಲಕ್ಕಿಂತ ನೇರವಾದ ಸಾಕ್ಷ್ಯ ಬಂದದ್ದು ಸ್ವೀಡನ್ನಿಂದ, 2004ರಲ್ಲಿ. 1992ರಿಂದ 1997ರ ನಡುವೆ ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ ತಂದೆತಾಯಿಗಳನ್ನು ಉಲ್ರಿಕಾ ಕ್ರೈಕ್‌ಬೆರ್ಗ್ಸ್ ತಂಡ ಒಂದು ಪ್ರಶ್ನೆ ಕೇಳಿತು: ಸಾವಿನ ಬಗ್ಗೆ ಮಗುವಿನ ಜೊತೆ ಮಾತಾಡಿದಿರಾ? ಮಾತಾಡಿದವರು 147 ಮಂದಿ. ಅವರಲ್ಲಿ ಒಬ್ಬರೂ ‘ಮಾತಾಡಬಾರದಿತ್ತು’ ಎನ್ನಲಿಲ್ಲ. ಮಾತಾಡದಿದ್ದವರು 258 ಮಂದಿ. ಅವರಲ್ಲಿ 69 ಜನ ಇನ್ನೂ ಪಶ್ಚಾತ್ತಾಪದಲ್ಲಿದ್ದರು. ಮಗುವಿಗೆ ತನ್ನ ಸಾವಿನ ಅರಿವಿದೆ ಎಂದು ಒಳಗೊಳಗೇ ತಿಳಿದಿದ್ದೂ ಮಾತಾಡದಿದ್ದವರಲ್ಲಿ ಈ ಪಶ್ಚಾತ್ತಾಪ ಹೆಚ್ಚು. ಉಳಿದವರಿಗೆ ಪಶ್ಚಾತ್ತಾಪವಿರಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲ ಮನೆಗಳಲ್ಲೂ ಎಲ್ಲವನ್ನೂ ಬಿಡಿಸಿ ಹೇಳಲೇಬೇಕು ಎಂದು ಈ ಅಧ್ಯಯನ ಅಪ್ಪಣೆ ಕೊಡುವುದಿಲ್ಲ. ಮಾತಿಗೆ ಹೆದರಬೇಕಾಗಿಲ್ಲ ಎಂದಷ್ಟೇ ತೋರಿಸುತ್ತದೆ.

ಮಕ್ಕಳು ಕಾಯಿಲೆಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಇದಕ್ಕೆ ಹೊಂದಿಕೊಂಡ ಇನ್ನೊಂದು ಕವಲು. ಬುಡಾಪೆಸ್ಟಿನ ಮಕ್ಕಳ ಮಾತುಗಳನ್ನು ಆಧರಿಸಿ ಮಾರಿಯಾ ನಾಗಿ 1948ರಲ್ಲೇ ಸಾವಿನ ಕಲ್ಪನೆ ಬೆಳೆಯುವ ಮೂರು ಹಂತಗಳನ್ನು ಗುರುತಿಸಿದ್ದರು. ಸತ್ತವರು ಮರಳಿ ಬರುವುದಿಲ್ಲ, ಎಲ್ಲರೂ ಸಾಯುತ್ತಾರೆ ಎಂಬ ಅರಿವು ಐದರಿಂದ ಏಳರೊಳಗೆ ಹೆಚ್ಚಿನ ಮಕ್ಕಳಲ್ಲಿ ಮೂಡುತ್ತದೆ ಎಂಬುದು ಆಮೇಲಿನ ಸಂಶೋಧಕರ ಒಟ್ಟು ಅಭಿಪ್ರಾಯ. ಮಕ್ಕಳ ಬುದ್ಧಿ ಹಂತಹಂತವಾಗಿ ಬೆಳೆಯುತ್ತದೆ ಎಂಬ ಮನೋವಿಜ್ಞಾನಿ ಪಿಯಾಜೆಯ ಚೌಕಟ್ಟನ್ನು ಹಿಡಿದ ಬಿಬೇಸ್ ಮತ್ತು ವಾಲ್ಷ್ 1980ರಲ್ಲಿ ಕಾಯಿಲೆಯ ಕಲ್ಪನೆಗೂ ಇಂಥ ಹಂತಗಳನ್ನು ಕಟ್ಟಿದರು. ಈ ಏಣಿ ತೀರ ಬಿಗಿಯಾಯಿತು ಎಂಬ ಟೀಕೆ ಸರಿಯಾದದ್ದೇ. ಕಾಯಿಲೆಯಲ್ಲೇ ಬದುಕುವ ಮಗು ತನ್ನ ಕಾಯಿಲೆಯ ವಿಷಯದಲ್ಲಿ ವಯಸ್ಸನ್ನು ಮೀರಿ ಬೆಳೆದಿರುತ್ತದೆ. ಆದರೆ ಈ ಕವಲಿನಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿ ನಮಗೆ ತುಂಬ ಮುಖ್ಯ. ಚಿಕ್ಕ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಎಂದು ತಿಳಿಯುತ್ತಾರೆ. ನಾನು ತಂಗಿಗೆ ಹೊಡೆದೆ, ಅದಕ್ಕೇ ನನಗೆ ಹೀಗಾಯಿತು. ಅಮ್ಮನ ಮಾತು ಕೇಳಲಿಲ್ಲ, ಅದಕ್ಕೇ ಸೂಜಿ.

ನಮ್ಮ ಮನೆಗಳಲ್ಲಿ ಮಂಚದ ಪಕ್ಕದಲ್ಲೇ ನಿಂತು ‘ಯಾವ ಜನ್ಮದ ಪಾಪವೋ’, ‘ಯಾರ ಕಣ್ಣು ಬಿತ್ತೋ’, ‘ಹಣೆಬರಹ’ ಎಂದು ನಿಟ್ಟುಸಿರು ಬಿಡುವ ನೆಂಟರಿಗೆ ಈ ಸಂಗತಿ ತಿಳಿದಿರಬೇಕು. ದೊಡ್ಡವರಿಗೆ ಆ ಮಾತು ದುಃಖವನ್ನು ತಡೆದುಕೊಳ್ಳುವ ದಾರಿ. ಮಲಗಿಕೊಂಡು ಕೇಳಿಸಿಕೊಳ್ಳುವ ಐದು ವರ್ಷದ ಮಗುವಿಗೆ ಅದು ತನ್ನ ತಪ್ಪಿನ ಪಟ್ಟಿ. ‘ನೀನೇನೂ ತಪ್ಪು ಮಾಡಿಲ್ಲ, ನಿನ್ನಿಂದ ಇದು ಬಂದಿಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು, ಒಂದು ಸಲವಲ್ಲ, ಹಲವು ಸಲ.

ಇನ್ನು ಸೂಜಿಯ ಮಾತು. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆ ಸಾಮಾನ್ಯವಾಗಿ ಎರಡು ವರ್ಷ ಮೀರಿ ನಡೆಯುತ್ತದೆ. ಅಷ್ಟೂ ಕಾಲ ಕೈಗೆ ಸೂಜಿ, ಬೆನ್ನುಹುರಿಯ ನೀರು ತೆಗೆಯಲು ಸೂಜಿ, ಮಜ್ಜೆ ತೆಗೆಯಲು ಸೂಜಿ. ಕಾಯಿಲೆಗಿಂತ ಸೂಜಿಗೇ ಹೆಚ್ಚು ಹೆದರುತ್ತೇವೆ ಎನ್ನುವ ಮಕ್ಕಳು ಬಹಳ. ಮಕ್ಕಳ ನೋವನ್ನು ವೈದ್ಯಕೀಯ ಬಹಳ ಕಾಲ ನಂಬಲೇ ಇಲ್ಲ. ಹಸುಗೂಸುಗಳಿಗೆ ನೋವು ಸರಿಯಾಗಿ ತಿಳಿಯುವುದಿಲ್ಲ ಎಂಬ ನಂಬಿಕೆಯಲ್ಲಿ 1980ರ ದಶಕದವರೆಗೂ ತೀರ ಕಡಿಮೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡುತ್ತಿದ್ದರು. ಅದನ್ನು ಅಲ್ಲಾಡಿಸಿದ್ದು ಇಂದೋರಿನಲ್ಲಿ ವೈದ್ಯ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಅವರ 1987ರ ಸಂಶೋಧನೆ. ಸರಿಯಾದ ನೋವುನಿವಾರಕ ಸಿಕ್ಕ ಎಳೆಗೂಸುಗಳು ಆಪರೇಷನ್ನನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡವು ಎಂದು ಅವರು ತೋರಿಸಿದರು.

ಸೂಜಿಯ ಹೊತ್ತಿನಲ್ಲಿ ಕೋಣೆಯಲ್ಲಿ ಯಾರು ಏನು ಹೇಳುತ್ತಾರೆ ಎಂಬುದನ್ನು ಒಂದೊಂದು ಮಾತು ಬಿಡದೆ ದಾಖಲಿಸಿದ ಅಧ್ಯಯನಗಳು ಆ ಹೊತ್ತಿಗೇ ಶುರುವಾದವು. ಅಮೆರಿಕದ ರೊನಾಲ್ಡ್ ಬ್ಲೌಂಟ್ ಮತ್ತು ಸಂಗಡಿಗರ ಕೆಲಸ ಇದರಲ್ಲಿ ಪ್ರಮುಖ. ಕಂಡದ್ದು ಯಾರೂ ನಿರೀಕ್ಷಿಸದ್ದು. ‘ಏನೂ ಆಗಲ್ಲ ಪುಟ್ಟಾ’, ‘ಹೆದರಬೇಡ’, ‘ಆಯ್ತು ಆಯ್ತು, ಮುಗೀತು’ ಎಂಬ ಸಮಾಧಾನದ ಮಾತುಗಳ ಬೆನ್ನಿಗೇ ಮಗುವಿನ ಸಂಕಟ ಏರುತ್ತಿತ್ತು. ಬೇರೆ ಮಾತು ತೆಗೆದಾಗ, ಆಟಕ್ಕೆಳೆದಾಗ, ಉಸಿರು ಊದಿಸಿದಾಗ ಇಳಿಯುತ್ತಿತ್ತು. ಮಗು ಅಳುವುದರಿಂದಲೇ ತಾಯಿ ಸಮಾಧಾನ ಹೇಳುತ್ತಾಳೆ, ಕಾರಣ ಯಾವುದು ಫಲ ಯಾವುದು ಎಂಬ ಅನುಮಾನ ಸಹಜ. ಅದಕ್ಕಾಗಿ ಮುಂದೆ ಪ್ರಯೋಗವನ್ನೇ ಮಾಡಿದರು. ಕೆಲವು ತಂದೆತಾಯಿಗೆ ಸಮಾಧಾನ ಹೇಳುವುದನ್ನು, ಇನ್ನು ಕೆಲವರಿಗೆ ಗಮನ ಬೇರೆಡೆ ಸೆಳೆಯುವುದನ್ನು ಕಲಿಸಿದರು. ಸಮಾಧಾನದ ಗುಂಪಿನಲ್ಲಿ ಕೈಕಾಲು ಒತ್ತಿ ಹಿಡಿಯಬೇಕಾಗಿ ಬಂದ ಮಕ್ಕಳೇ ಹೆಚ್ಚು. ಅಮ್ಮನ ದನಿಯಲ್ಲಿ ‘ಹೆದರಬೇಡ’ ಎಂಬ ಮಾತು ಬಂದ ಕೂಡಲೇ ಮಗುವಿಗೆ ಹೆದರಬೇಕಾದ್ದು ಏನೋ ಬರುತ್ತಿದೆ ಎಂಬ ಸೂಚನೆ ಸಿಗುತ್ತದೆ.

‘ಇರುವೆ ಕಚ್ಚಿದ ಹಾಗೆ ಅಷ್ಟೇ’ ಎಂದು ನಾವೆಲ್ಲ ಹೇಳಿದವರೇ, ಹೇಳಿಸಿಕೊಂಡವರೇ. ಕೈಗೆ ಚುಚ್ಚುವ ಸಣ್ಣ ಸೂಜಿಗೆ ಅದು ನಡೆದೀತು. ಬೆನ್ನಿಗೆ ಚುಚ್ಚುವಾಗ ಹಾಗೆ ಹೇಳಿದರೆ ಅದು ಸುಳ್ಳು, ಮುಂದಿನ ಸಲ ಮಗು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ‘ನೋಯುತ್ತೆ. ನಾನು ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತೆ. ನೀನು ಅಳಬಹುದು, ಆದರೆ ಅಲ್ಲಾಡಬಾರದು. ಅಷ್ಟರಲ್ಲಿ ನಿಮ್ಮೂರ ಜಾತ್ರೇಲಿ ಏನೇನು ತಿಂದೆ ಹೇಳು ನೋಡೋಣ.’ ಸಂಶೋಧನೆ ಬೆಂಬಲಿಸುವುದು ಇಂಥ ಮಾತನ್ನು. ಸೂಜಿಯ ನೋವಿನ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಮೀಕ್ಷೆಗಳಲ್ಲಿ ಗಮನ ಬೇರೆಡೆ ಸೆಳೆಯುವ ಉಪಾಯ ಮತ್ತು ಸಂಮೋಹನ ಎರಡಕ್ಕೂ ಆಧಾರವಿದೆ. ಗಮನ ಸೆಳೆಯಲು ದುಡ್ಡು ಬೇಕಿಲ್ಲ, ಯಂತ್ರ ಬೇಕಿಲ್ಲ. ಈ ಇಡೀ ಕ್ಷೇತ್ರದಲ್ಲಿ ನಾಳೆಯೇ ಯಾವ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಜಾರಿಗೆ ತರಬಹುದಾದ ಸಂಗತಿ ಇದ್ದರೆ ಅದು ಇದೇ.

ಕಾಯಿಲೆ ಮಗುವಿನ ಮನಸ್ಸನ್ನು ಒಡೆದು ಹಾಕುತ್ತದೆಯೆ? ಈ ಪ್ರಶ್ನೆಗೆ ಸಿಕ್ಕ ಉತ್ತರ ಹಲವು ಸಲ ಬದಲಾಗಿದೆ. ಬ್ರಿಟನ್ನಿನ ಐಲ್ ಆಫ್ ವೈಟ್ ದ್ವೀಪದ ಮಕ್ಕಳನ್ನು ಸಮೀಕ್ಷೆ ಮಾಡಿ 1970ರಲ್ಲಿ ಪ್ರಕಟವಾದ ಮೈಕೆಲ್ ರಟ್ಟರ್ ತಂಡದ ವರದಿಯಲ್ಲಿ, ಆರೋಗ್ಯವಂತ ಮಕ್ಕಳಲ್ಲಿ ಸುಮಾರು ಶೇ 7ರಷ್ಟಿದ್ದ ಮಾನಸಿಕ ತೊಂದರೆ ದೀರ್ಘಕಾಲದ ದೈಹಿಕ ಕಾಯಿಲೆಯವರಲ್ಲಿ ಸುಮಾರು ಶೇ 12 ಇತ್ತು; ಮೆದುಳಿಗೆ ಸಂಬಂಧಿಸಿದ ಕಾಯಿಲೆಯಾದರೆ ಶೇ 30 ದಾಟಿತ್ತು. ಅಂದರೆ ಅಪಾಯ ಹೆಚ್ಚು, ನಿಜ. ಆದರೆ ಬಹುಪಾಲು ಮಕ್ಕಳು ಆ ಪಾಲಿನೊಳಗೆ ಇಲ್ಲ ಎಂಬುದೂ ಅಷ್ಟೇ ನಿಜ. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಷಾನ್ ಫಿಪ್ಸ್ 2014ರಲ್ಲಿ ಕ್ಯಾನ್ಸರ್ ಬಂದ 255 ಮಕ್ಕಳನ್ನು ಆರೋಗ್ಯವಂತ ಮಕ್ಕಳೊಡನೆ ಹೋಲಿಸಿದಾಗ ಆಘಾತದ ಲಕ್ಷಣಗಳಲ್ಲಿ ಹೆಚ್ಚಳವೇ ಕಾಣಲಿಲ್ಲ. ‘ನಿನ್ನ ಬದುಕಿನಲ್ಲಿ ಅತಿ ಕೆಟ್ಟ ಘಟನೆ ಯಾವುದು’ ಎಂದು ಬಿಡಿಯಾಗಿ ಕೇಳಿದರೆ, ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಮಾತ್ರ ಕ್ಯಾನ್ಸರ್ ಎಂದರು. ಹಿಂದಿನ ಅಧ್ಯಯನಗಳು ‘ಕ್ಯಾನ್ಸರಿನಿಂದ ನಿನಗೆ ಏನೇನು ತೊಂದರೆ’ ಎಂದೇ ಶುರುಮಾಡಿ, ತೊಂದರೆಯನ್ನೇ ಎಣಿಸಿಕೊಂಡು ಬಂದಿದ್ದವು. ರಾಬರ್ಟ್ ನೋಲ್ ಶಾಲೆಗೇ ಹೋಗಿ ಸಹಪಾಠಿಗಳನ್ನು ಕೇಳಿದರು. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ ಮಕ್ಕಳನ್ನು ತರಗತಿ ದೂರ ಮಾಡಿರಲಿಲ್ಲ. ಮೆದುಳಿನ ಗೆಡ್ಡೆಯಿಂದ ಬದುಕುಳಿದವರು ಮಾತ್ರ ಒಂಟಿಯಾಗಿದ್ದರು.

ಹಾಗಾದರೆ ಪೆಟ್ಟು ಬೀಳುವುದು ಯಾರಿಗೆ? ಫಿಲಡೆಲ್ಫಿಯಾದ ಆನ್ ಕಝಾಕ್ 1990ರ ದಶಕದಿಂದ ತೋರಿಸುತ್ತ ಬಂದಂತೆ, ಆಘಾತದ ನಂತರದ ಲಕ್ಷಣಗಳು ಮಕ್ಕಳಿಗಿಂತ ತಂದೆತಾಯಿಯಲ್ಲಿ ಹೆಚ್ಚು, ಅದೂ ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ. ಮಗು ಶಾಲೆಗೆ ಹೋಗುತ್ತಿರುತ್ತದೆ, ಜ್ವರ ಬಂದರೆ ಅಮ್ಮನ ಕೈ ನಡುಗುತ್ತದೆ. ಅಪ್ಪಂದಿರ ಬಗ್ಗೆ ಸಂಶೋಧನೆಯೇ ಕಡಿಮೆ. ಪ್ರಶ್ನಾವಳಿ ತುಂಬುವವಳು ಹೆಚ್ಚಿನ ಕಡೆ ತಾಯಿ. ತಾಯಂದಿರಿಗೆ ಎಂಟು ಸಲ ಕೂತು, ದಿನನಿತ್ಯದ ತೊಡಕುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ಕಲಿಸುವ ಕಾರ್ಯಕ್ರಮವೊಂದನ್ನು ಅಮೆರಿಕದಲ್ಲಿ 430 ತಾಯಂದಿರ ಮೇಲೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಬಾರದೆ ಸ್ಪ್ಯಾನಿಷ್ ಮಾತಾಡುವ ತಾಯಂದಿರಿಗೂ ಅದು ಫಲ ಕೊಟ್ಟಿತು. ಒಡಹುಟ್ಟಿದವರ ಪಾಡು ಇನ್ನೊಂದು. ಅಣ್ಣನಿಗೆ ಏನಾಗಿದೆ ಎಂದು ಯಾರೂ ಹೇಳದೆ ಅಜ್ಜಿಮನೆಯಲ್ಲಿ ಉಳಿದ ತಂಗಿಯ ಸಿಟ್ಟು, ಅಸೂಯೆ, ಆ ಅಸೂಯೆಗಾಗಿ ಪಡುವ ನಾಚಿಕೆ ಎಲ್ಲವೂ ಈಗ ಅಧ್ಯಯನದ ವಸ್ತು.

ಮನೋವಿಜ್ಞಾನ ಔಷಧದ ಪ್ರಮಾಣವನ್ನೇ ಬದಲಿಸಿದ ನಿದರ್ಶನ ಒಂದಿದೆ. 1970ರ ದಶಕದಲ್ಲಿ ರಕ್ತ ಕ್ಯಾನ್ಸರ್ ಮೆದುಳಿನಲ್ಲಿ ಅಡಗಿ ಮರುಕಳಿಸದಿರಲೆಂದು ಮಕ್ಕಳ ತಲೆಗೆ ವಿಕಿರಣ ಕೊಡುತ್ತಿದ್ದರು. ಜೀವ ಉಳಿಯಿತು. ಆದರೆ ಕೆಲವು ವರ್ಷಗಳಾದ ಮೇಲೆ ಲೆಕ್ಕ ಬಾರದು, ಗಮನ ನಿಲ್ಲದು, ಬರೆಯುವುದು ನಿಧಾನ. ಅನ್ನಾ ಮೆಡೋಸ್ ಮತ್ತು ಸಂಗಡಿಗರು ಬುದ್ಧಿಮತ್ತೆಯ ಅಂಕಗಳು ಇಳಿಯುತ್ತಿರುವುದನ್ನು 1981ರಲ್ಲಿ ಪ್ರಕಟಿಸಿದರು. ತೀರ ಚಿಕ್ಕವರಲ್ಲಿ ಹಾನಿ ಹೆಚ್ಚು. ವಿಕಿರಣದ ಪ್ರಮಾಣ ಕ್ರಮೇಣ ಇಳಿಯಿತು, 2009ರಲ್ಲಿ ಪ್ರಕಟವಾದ ಸೇಂಟ್ ಜೂಡ್ ಪ್ರಯೋಗದಲ್ಲಿ ತಲೆಯ ವಿಕಿರಣವನ್ನು ಪೂರ್ತಿ ಕೈಬಿಟ್ಟೂ ಒಳ್ಳೆಯ ಫಲಿತಾಂಶ ಬಂತು. ಹುಟ್ಟಿನಿಂದ ಹೃದಯದ ತೊಂದರೆಯಿದ್ದು ಹಸುಗೂಸಿನಲ್ಲೇ ಆಪರೇಷನ್ ಆದ ಮಕ್ಕಳನ್ನು ಬಾಸ್ಟನ್ನಿನವರು ಹದಿನಾರರ ವಯಸ್ಸಿನವರೆಗೂ ಹಿಂಬಾಲಿಸಿ, ಗಮನ ಮತ್ತು ಯೋಜನಾ ಶಕ್ತಿಯಲ್ಲಿ ಕೊರತೆ ಉಳಿಯುವುದನ್ನು ಕಂಡರು. ಆಪರೇಷನ್ ಯಶಸ್ವಿಯಾದ ಮಗು ತರಗತಿಯಲ್ಲಿ ‘ದಡ್ಡ’ ಎನಿಸಿಕೊಳ್ಳುತ್ತಿದ್ದರೆ ಮೇಷ್ಟ್ರಿಗೆ ಇದು ಗೊತ್ತಿರಬೇಕು.

ಹದಿಹರೆಯದಲ್ಲಿ ಸಮಸ್ಯೆಯ ರೂಪವೇ ಬೇರೆ. ಹತ್ತು ವರ್ಷದವರೆಗೆ ಅಮ್ಮ ಕೊಟ್ಟ ಇನ್ಸುಲಿನ್ ಚುಚ್ಚಿಸಿಕೊಂಡವನು ಹದಿನಾಲ್ಕಕ್ಕೆ ತಪ್ಪಿಸಲು ಶುರುಮಾಡುತ್ತಾನೆ. ಥಲಸ್ಸೀಮಿಯಾದ ಹುಡುಗಿ ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುತ್ತಾಳೆ, ಆದರೆ ಆ ರಕ್ತದಿಂದ ಮೈಯಲ್ಲಿ ಕೂಡುವ ಕಬ್ಬಿಣ ಇಳಿಸುವ ಮಾತ್ರೆಯನ್ನು ನುಂಗದೆ ಎಸೆಯುತ್ತಾಳೆ. ಬೈದರೆ ಇದು ಇನ್ನೂ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯ ಸಂಶೋಧನೆ ತೋರಿಸಿದ ಪ್ರಕಾರ, ‘ದೊಡ್ಡವನಾದೆ, ನೀನೇ ನೋಡಿಕೋ’ ಎಂದು ಬೇಗ ಕೈಬಿಟ್ಟ ಮನೆಗಳಲ್ಲೂ, ದಿನವೂ ಜಗಳವಾಡುವ ಮನೆಗಳಲ್ಲೂ ಸಕ್ಕರೆ ಹತೋಟಿ ತಪ್ಪುತ್ತದೆ. ಹೊಣೆಯನ್ನು ಹಂಚಿಕೊಂಡ ಮನೆಗಳಲ್ಲಿ ಹತೋಟಿಯಲ್ಲಿ ನಿಲ್ಲುತ್ತದೆ.

ಕೊನೆಯ ದಿನಗಳ ಬಗ್ಗೆ ಜೊಆನ್ ವುಲ್ಫ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಓದುವುದೇ ಕಷ್ಟ. ಬಾಸ್ಟನ್ನಿನ ಅತ್ಯುತ್ತಮ ಆಸ್ಪತ್ರೆಗಳಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮಕ್ಕಳಲ್ಲಿ ಶೇ 89 ಮಂದಿ ಕೊನೆಯ ತಿಂಗಳಲ್ಲಿ ನೋವು, ಸುಸ್ತು, ಉಸಿರಾಟದ ತೊಂದರೆಯಂಥ ಒಂದಾದರೂ ಲಕ್ಷಣದಿಂದ ತುಂಬಾ ನರಳಿದ್ದರು. ಮಗು ಉಳಿಯುವುದಿಲ್ಲ ಎಂದು ವೈದ್ಯರು ಸಾವಿಗೆ ಸರಾಸರಿ 206 ದಿನ ಮೊದಲೇ ಮನಗಂಡಿದ್ದರೆ, ತಂದೆತಾಯಿ ಮನಗಂಡದ್ದು 106 ದಿನ ಮೊದಲು. ನಡುವೆ ನೂರು ದಿನಗಳ ಅಂತರ. ಪಮೇಲಾ ಹಿಂಡ್ಸ್ 2005ರಲ್ಲಿ 10ರಿಂದ 20 ವರ್ಷದ 20 ಮಂದಿಯನ್ನು ಕೊನೆಯ ಹಂತದ ಚಿಕಿತ್ಸೆಯ ಬಗ್ಗೆ ಕೇಳಿದರು. ತಮ್ಮ ತೀರ್ಮಾನ ಏನು, ಅದರಿಂದ ಏನಾಗುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ತೀರ್ಮಾನಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದು ತಮ್ಮ ಸುಖವಲ್ಲ, ಮನೆಯವರಿಗೆ, ಬೇರೆಯವರಿಗೆ ಏನು ಒಳ್ಳೆಯದು ಎಂಬುದು.

ಇಷ್ಟೆಲ್ಲ ತಿಳಿದದ್ದು ಎಲ್ಲಿಯ ಮಕ್ಕಳಿಂದ ಎಂದು ಕೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಶೇ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಹಲವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ. ಮಕ್ಕಳು ಹೆಚ್ಚಿರುವುದು ಎರಡನೆಯ ಕಡೆ, ಸಂಶೋಧನೆ ಹೆಚ್ಚಿರುವುದು ಮೊದಲನೆಯ ಕಡೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಬಳ್ಳಾರಿ ಕಡೆಯಿಂದ ಬರುವ ಮನೆಯ ಚಿಂತೆಗಳು ಬಾಸ್ಟನ್ನಿನ ಪ್ರಶ್ನಾವಳಿಯಲ್ಲಿ ಇಲ್ಲ: ಊರಲ್ಲಿ ಬಿಟ್ಟು ಬಂದ ಎಮ್ಮೆ, ದಿನಗೂಲಿ, ಇನ್ನೊಂದು ಮಗು, ರಾತ್ರಿ ಉಳಿಯುವ ಜಾಗ. ಖರ್ಚು ತಾಳದೆ, ದೂರ ತಾಳದೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಹೋದವರು ಯಾವ ಅಧ್ಯಯನದ ಲೆಕ್ಕಕ್ಕೂ ಸುಲಭವಾಗಿ ಸಿಕ್ಕುವುದಿಲ್ಲ. ನಮ್ಮಲ್ಲಿ ಹೇಳಬೇಕೆ, ಬೇಡವೆ ಎಂಬುದು ತಂದೆತಾಯಿ ಇಬ್ಬರದೇ ನಿರ್ಧಾರವಲ್ಲ. ಅಜ್ಜ, ದೊಡ್ಡಪ್ಪ, ಸೋದರಮಾವ ಎಲ್ಲರ ಮಾತೂ ನಡೆಯುತ್ತದೆ. ಸ್ವೀಡನ್ನಿನ ಅಂಕಿ ಇಲ್ಲಿಗೆ ಹಾಗೆಹಾಗೇ ಒಪ್ಪುತ್ತದೆ ಎಂದು ಯಾರೂ ಹೇಳಲಾರರು. ನಮ್ಮ ಮಕ್ಕಳನ್ನು ನಮ್ಮ ಭಾಷೆಯಲ್ಲಿ ಕೇಳಿ ತಿಳಿಯಬೇಕಾದ ಕೆಲಸ ಅದು. ಮಗು ‘ಒಳಗೆ ಉರಿಯುತ್ತೆ’, ‘ಜುಮ್ ಅನ್ನುತ್ತೆ’, ‘ಕೈಕಾಲು ಸೆಳೆಯುತ್ತೆ’ ಎನ್ನುವುದನ್ನು ಒಂದರಿಂದ ಹತ್ತರ ಅಂಕಿಗೆ ಇಳಿಸಿದರೆ ಅರ್ಧ ಕಳೆದುಹೋಗುತ್ತದೆ.

ಒಂದು ವಿರೋಧಾಭಾಸ ನನ್ನನ್ನು ಬಹಳ ಕಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಏಳು ವರ್ಷ ತುಂಬಿದ ಮಗುವನ್ನು ಯಾವುದೇ ಸಂಶೋಧನೆಗೆ ಸೇರಿಸಬೇಕಾದರೆ ಅದಕ್ಕೆ ಅರ್ಥವಾಗುವ ಹಾಗೆ ವಿವರಿಸಿ ಬಾಯಿಮಾತಿನ ಒಪ್ಪಿಗೆ ಪಡೆಯಬೇಕು. ಹನ್ನೆರಡು ದಾಟಿದ್ದರೆ ಬರವಣಿಗೆಯಲ್ಲಿ. ಅಂದರೆ ಏಳು ವರ್ಷದ ಮಗುವಿಗೆ ತಿಳಿಯುತ್ತದೆ ಎಂದು ದೇಶವೇ ಒಪ್ಪಿದೆ. ಅದೇ ಮಗುವಿನ ಚಿಕಿತ್ಸೆಯ ವಿಷಯ ಬಂದಾಗ ಮಾತ್ರ ಎಲ್ಲರೂ ಅದರ ತಲೆಯ ಮೇಲಿನಿಂದ ಮಾತಾಡುತ್ತಾರೆ.

ಅಮೆರಿಕದಲ್ಲಿ ಕ್ಯಾನ್ಸರ್ ಮಕ್ಕಳ ಮಾನಸಿಕ ಆರೈಕೆಗೆ 2015ರಲ್ಲಿ 15 ಮಾನದಂಡಗಳನ್ನು ಪ್ರಕಟಿಸಿದರು. ಹದಿನೈದೂ ನಮಗೆ ಒಂದೇ ದಿನ ಬರಲಾರವು. ಮೊದಲ ಹೆಜ್ಜೆಯಾಗಿ, ಮಕ್ಕಳ ಕ್ಯಾನ್ಸರ್, ಥಲಸ್ಸೀಮಿಯಾ, ಸಕ್ಕರೆ ಕಾಯಿಲೆಗೆ ಚಿಕಿತ್ಸೆ ಕೊಡುವ ರಾಜ್ಯದ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಮಗುವಿನ ಜೊತೆ ಕೂತು ಮಾತಾಡುವುದೇ ಕೆಲಸವಾದ ಒಬ್ಬರನ್ನಾದರೂ ನೇಮಿಸಲಿ. ಉತ್ತರ ಕರ್ನಾಟಕದ ಮಗುವಿನ ಜೊತೆ ಅದರ ಮಾತಿನಲ್ಲೇ, ಉರ್ದು ಅಥವಾ ಲಂಬಾಣಿ ಮಾತಾಡುವ ಮಗುವಿನ ಜೊತೆ ಆ ಭಾಷೆ ಬಲ್ಲವರ ನೆರವಿನಿಂದ ಮಾತಾಡಬಲ್ಲವರಾಗಿರಲಿ. ತರಬೇತಿ ಕೊಡಬಲ್ಲ ಮಕ್ಕಳ ಮನೋವೈದ್ಯ ವಿಭಾಗ ನಿಮ್ಹಾನ್ಸಿನಲ್ಲೇ ಇದೆ. ಇದಕ್ಕೆ ಬೇಕಾದ್ದು ಆಸ್ಪತ್ರೆಗೊಂದು ಹುದ್ದೆ, ಒಂದು ಸಂಬಳ. ಅದು ಬರುವವರೆಗೆ, ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇಂಥ ಮಗುವಿದ್ದರೆ, ಅದರ ಪಕ್ಕದಲ್ಲಿ ಕೂತು ‘ನಿನಗೆ ಏನು ಕೇಳಬೇಕು ಅನಿಸುತ್ತೆ’ ಎಂದು ಒಮ್ಮೆ ಕೇಳಿ, ಉತ್ತರ ಬರುವವರೆಗೆ ಏಳಬೇಡಿ.